ಗಾಜಿನ ಮೇಲಿನ ಹೆಸರು

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಎಂಟನೆಯ ಇಯತ್ತೆಯಲ್ಲಿ ವಿಸ್ತರಿಸಿ ಬರೆದಿದ್ದಾರೆ. ಆ ಉತ್ತರಗಳನ್ನು ತಿದ್ದಿ ಅಂಕ ಕೊಟ್ಟವರು ನಾವೇ. ಆದರೆ ಗಾದೆಯ ಅರ್ಥವು ನಮಗೆ ಪೂರ್ಣವಾಗಿ ತಿಳಿದುದು ಕಳೆದ ವರ್ಷದ ವಾರ್ಷಿಕೋತ್ಸವದ ಸಂಜೆ. ಅದನ್ನು ನಮಗೆ ಕಲಿಸಿದ ಗುರುವು ಹೆಬ್ಬೆರಳಿನಷ್ಟು ದಪ್ಪದ ಒಂದು ಗಾಜಿನ ಬುರುಡೆ.

ನಮ್ಮ ಶಾಲೆಯ ಧ್ವನಿವರ್ಧಕ ಯಂತ್ರವನ್ನು ನೀವೆಲ್ಲರೂ ನೋಡಿದ್ದೀರಿ. ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನ ಮೇಲೆ ಕುಳಿತಿರುವ, ಇಬ್ಬರು ಹುಡುಗರು ಹಿಡಿದಲ್ಲದೆ ಮೇಲೇಳದ ಬೂದುಬಣ್ಣದ ಪೆಟ್ಟಿಗೆಯದು. ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ದಾನವಾಗಿ ಕೊಟ್ಟುದು. ಇಂದಿನ ಯಂತ್ರಗಳಂತೆ ಅದು ಟ್ರಾನ್ಸಿಸ್ಟರುಗಳಿಂದ ನಡೆಯದೆ ವಾಲ್ವುಗಳಿಂದ ನಡೆಯುತ್ತದೆ. ಕಳೆದ ವರ್ಷ ಅದರ ಕೊನೆಯ ಜೋಡಿ ವಾಲ್ವುಗಳಲ್ಲಿ ಒಂದು ಕೆಟ್ಟು, ಧ್ವನಿಯು ಒಡೆದ ಕೊಳಲಿನಂತಾಯಿತು. ಹೊಸ ವಾಲ್ವು ತರಲು ಹತ್ತನೆಯ ಇಯತ್ತೆಯ ಮಕ್ಕಳು ಹಣ ಕೂಡಿಸಿದರು. ಉಪಾಹಾರಗೃಹಗಳಲ್ಲಿಯೂ ಅಂಗಡಿಗಳಲ್ಲಿಯೂ ದುಡಿಯುವ ತಂದೆತಾಯಿಗಳ ಮಕ್ಕಳು ಐದು, ಹತ್ತು, ಇಪ್ಪತ್ತು ರೂಪಾಯಿಗಳಂತೆ ಕೊಟ್ಟು, ಒಂದು ಸಾವಿರದ ಎಂಟುನೂರು ರೂಪಾಯಿಗಳನ್ನು ಲಕೋಟೆಯಲ್ಲಿ ಹಾಕಿ ನಮ್ಮ ಕೈಗೆ ತಂದಿತ್ತರು.

ನಾವು ಇಬ್ಬರು ವಿದ್ಯಾರ್ಥಿಗಳನ್ನು ಸಂಗಡ ಕರೆದುಕೊಂಡು, ಮೊದಲು ಗ್ರಾಂಟ್ ರೋಡಿನ ಬಳಿಯ ಗಲ್ಲಿಯೊಂದರಲ್ಲಿ ಹಳೆಯ ರೇಡಿಯೋಗಳನ್ನು ರಿಪೇರಿ ಮಾಡುವ ವೃದ್ಧರೊಬ್ಬರ ಅಂಗಡಿಗೆ ಹೋದೆವು. ಅವರು ಮರಾಠಿಗರು. ಬಿಸ್ಕೀಟಿನ ಡಬ್ಬಿಯೊಂದರಿಂದ ಕಾಗದದಲ್ಲಿ ಸುತ್ತಿದ ವಾಲ್ವನ್ನು ತೆಗೆದು, “ತೆಗೆದುಕೊಳ್ಳಿ ಮಾಸ್ತರ್, ಇದು ನಿಮ್ಮ ಬೆಂಗಳೂರಿನದೇ. ಮುನ್ನೂರು ರೂಪಾಯಿ ಕೊಡಿ” ಎಂದರು. ಅದರ ಮೇಲೆ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮುದ್ರೆಯಿತ್ತು. ನಾವು ಅದನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿ, ಮುಗುಳ್ನಕ್ಕು ಹಿಂದಿರುಗಿಸಿದೆವು. ಶಾಲೆಯ ಯಂತ್ರಕ್ಕೆ ಉತ್ತಮವಾದ ವಿಲಾಯಿತಿ ಸರಕೇ ಬೇಕೆಂಬುದು ನಮ್ಮ ಹಟ. ಬೇರೊಂದು ಪೇಟೆಯ ಬೇರೊಂದು ಅಂಗಡಿಯಲ್ಲಿ, ಇಂಗ್ಲೆಂಡಿನ ಪ್ರಸಿದ್ಧ ಹೆಸರೊಂದನ್ನು ಹೊತ್ತ ಅಂದವಾದ ರಟ್ಟಿನ ಪೆಟ್ಟಿಗೆಯೊಳಗಿನ ವಾಲ್ವು ನಮಗೆ ದೊರೆಯಿತು. ‘ಹಳೆಯ ದಾಸ್ತಾನು, ಒಮ್ಮೆಯೂ ಬಳಸಿದುದಲ್ಲ’ ಎಂದು ಅಂಗಡಿಯವನು ಹೇಳಿದ. ಲಕೋಟೆಯ ಹಣವೆಲ್ಲ ಅಲ್ಲಿಯೇ ಬರಿದಾಯಿತು.

ಉತ್ಸವದ ಸಂಜೆ ಮಕ್ಕಳು ನಾಡಗೀತೆಯನ್ನು ಹಾಡುತ್ತಿರುವಾಗ ಯಂತ್ರದೊಳಗೆ ಆ ವಾಲ್ವಿನ ಲೋಹದ ತಗಡು ಕೆಂಡದಂತೆ ಕೆಂಪಾಯಿತು. ಕ್ಷಣಮಾತ್ರದಲ್ಲಿ ಫ್ಯೂಸು ಸುಟ್ಟಿತು. ಮಕ್ಕಳು ಹಾಡನ್ನು ನಿಲ್ಲಿಸಲಿಲ್ಲ. ಆದರೆ ಅವರ ದನಿಯು ಹಿಂದಿನ ಸಾಲುಗಳಲ್ಲಿದ್ದ ತಾಯಂದಿರಿಗೆ ತಲುಪಲಿಲ್ಲ. ಮರುದಿನ ಆ ವಾಲ್ವನ್ನು ತೆಗೆದು ಒದ್ದೆಯ ಬಟ್ಟೆಯಿಂದ ಒರೆಸುತ್ತಿದ್ದ ನಮ್ಮ ಹುಡುಗನೊಬ್ಬನು, “ಸರ್, ಹೆಸರು ಕೈಗೆ ಬಂತು” ಎಂದ. ನೋಡಿದರೆ, ಅವನ ಬೆರಳಿನ ಮೇಲೆ ಬಿಳಿಯ ಬಣ್ಣ. ಗಾಜಿನ ಮೇಲೆ ಬರಿಯ ಗಾಜು.

ಅಂದಿನಿಂದ ನಾವು ಈ ವಿಷಯವನ್ನು ಓದಿಯೂ ಕೇಳಿಯೂ ತಿಳಿದುಕೊಳ್ಳುವುದಕ್ಕೆ ತೊಡಗಿದೆವು. ತಿಳಿದುದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಾಲ್ವೆಂದರೆ ಏನೆಂಬುದನ್ನು ನೋಡೋಣ. ಒಳಗಿನ ಗಾಳಿಯನ್ನೆಲ್ಲ ಹೊರತೆಗೆದು ಬಾಯಿ ಮುಚ್ಚಿದ ಗಾಜಿನ ಬುರುಡೆಯೇ ವಾಲ್ವು. ಅದರ ನಡುವಿನಲ್ಲಿ ಕಾಯುವ ತಂತಿಯೊಂದಿದೆ. ಆ ತಂತಿಯನ್ನು ಸುತ್ತುವರಿದ ಕೊಳವೆಗೆ ಕ್ಯಾಥೋಡ್ ಎಂದು ಹೆಸರು. ಬೇರಿಯಂ ಮೊದಲಾದ ಲೋಹಗಳ ಆಕ್ಸೈಡನ್ನು ಬಳಿದಿರುವ ಈ ಕೊಳವೆಯು ಕಾದಾಗ ಇಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಹೊರಗಡೆ ಸುತ್ತಲೂ ಇರುವ ತಗಡಿಗೆ ಆನೋಡ್ ಎಂದು ಹೆಸರು. ಅದು ಧನವಿದ್ಯುತ್ತಿನ ಬಲದಿಂದ ಇಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುತ್ತದೆ. ಇಂಗ್ಲೆಂಡಿನ ಆಂಬ್ರೋಸ್ ಫ್ಲೆಮಿಂಗ್ ಎಂಬ ವಿಜ್ಞಾನಿಯು ೧೯೦೪ರಲ್ಲಿ ಇಂತಹ ಎರಡಂಗಗಳ ವಾಲ್ವನ್ನು ರಚಿಸಿದನು. ಅಮೇರಿಕದ ಲೀ ಡಿ ಫಾರೆಸ್ಟನು ೧೯೦೬ರಲ್ಲಿ ಇವೆರಡರ ನಡುವೆ ಮೂರನೆಯದಾಗಿ ತಂತಿಯ ಜಾಲರಿಯೊಂದನ್ನು ಸೇರಿಸಿದನು. ಊರಿನ ಕೆರೆಯ ತೂಬನ್ನು ನೆನೆಯಿರಿ. ತೂಬಿನ ಹಲಗೆಯನ್ನು ಎತ್ತಲು ಒಬ್ಬ ನೀರುಗಂಟಿಯ ತೋಳಬಲ ಸಾಕು. ಆದರೆ ಅದರಿಂದ ಹರಿಯುವ ನೀರು ಇಡಿಯ ಬಯಲನ್ನು ತೋಯಿಸುತ್ತದೆ. ಜಾಲರಿಯೇ ಆ ಹಲಗೆ. ಮೈಕಿನಿಂದ ಬಂದ ಅತ್ಯಲ್ಪ ವಿದ್ಯುತ್ತು ಜಾಲರಿಯನ್ನು ಆಳುತ್ತದೆ. ಜಾಲರಿಯು ದೊಡ್ಡ ಪ್ರವಾಹವನ್ನು ಆಳುತ್ತದೆ. ಧ್ವನಿವರ್ಧನದ ಗುಟ್ಟೆಲ್ಲ ಇಷ್ಟೇ.

೧೯೪೭ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಮುಂದಿನ ಮೂರು ನಾಲ್ಕು ದಶಕಗಳಲ್ಲಿ ರೇಡಿಯೋ, ದೂರದರ್ಶನ, ಗಣಕಯಂತ್ರಗಳೆಲ್ಲವೂ ವಾಲ್ವನ್ನು ಬಿಟ್ಟವು. ಕಾರಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಆದರೂ ಗಿಟಾರ್ ವಾದಕರೂ ಸಂಗೀತಪ್ರಿಯರೂ ವಾಲ್ವಿನ ದನಿಯನ್ನು ಬಿಡಲೊಲ್ಲದೆ ಇಂದಿಗೂ ಅದನ್ನು ಕೊಳ್ಳುತ್ತಿದ್ದಾರೆ. ಬೇಡಿಕೆ ಉಳಿದು ಕಾರಖಾನೆ ಅಳಿದಾಗ ಆಗುವುದೇನು? ಹಳೆಯ ಸರಕಿನ ಬೆಲೆಯೇರುತ್ತದೆ; ಹಳೆಯ ಹೆಸರೂ ಒಂದು ಸರಕಾಗುತ್ತದೆ.

ವಾಲ್ವಿಗೆ ಮೂರು ಹೆಸರುಗಳಿವೆಯೆಂದು ತಿಳಿದರೆ ಅರ್ಧ ಗೊಂದಲ ಪರಿಹಾರವಾಗುವುದು. ಒಂದು ಮಾದರಿಯ ಹೆಸರು, ಇನ್ನೊಂದು ಮಾರುವವನ ಹೆಸರು, ಮೂರನೆಯದು ಮಾಡಿದವನ ಹೆಸರು.

ಮಾದರಿಯ ಹೆಸರು ವಾಲ್ವಿನ ಗುಣವನ್ನು ಹೇಳುತ್ತದೆ. ನಮ್ಮ ಶಾಲೆಯ ಯಂತ್ರದಲ್ಲಿರುವ ಜೋಡಿಯ ಮಾದರಿ ಇ.ಎಲ್. ೮೪. ಯುರೋಪಿನ ಪದ್ಧತಿಯಲ್ಲಿ ಮೊದಲನೆಯ ಅಕ್ಷರ ‘ಇ’ ಎಂದರೆ ಕಾಯುವ ತಂತಿಗೆ ೬.೩ ವೋಲ್ಟು ಬೇಕೆಂದು ಅರ್ಥ. ‘ಎಲ್’ ಎಂದರೆ ಸ್ಪೀಕರನ್ನು ನಡೆಸುವಷ್ಟು ಬಲವುಳ್ಳ ಪೆಂಟೋಡ್, ಅಂದರೆ ಐದಂಗಗಳ ವಾಲ್ವು. ಎಂಟರ ಅಂಕೆಯು ಒಂಬತ್ತು ಕಡ್ಡಿಗಳ ಬುಡವನ್ನು ಸೂಚಿಸುತ್ತದೆ. ಇ.ಸಿ.ಸಿ. ೮೩ ಎಂದಾಗ, ‘ಸಿ’ ಎಂಬುದು ಮೂರಂಗಗಳ ಟ್ರಯೋಡಿನ ಗುರುತು; ‘ಸಿ’ ಎರಡು ಸಲ ಬಂದುದರಿಂದ ಒಂದೇ ಬುರುಡೆಯಲ್ಲಿ ಎರಡು ಟ್ರಯೋಡುಗಳಿವೆ. ಅಮೇರಿಕದವರು ಇದೇ ವಾಲ್ವನ್ನು ೧೨ಎಎಕ್ಸ್೭ ಎಂದೂ, ಇ.ಎಲ್. ೮೪ನ್ನು ೬ಬಿಕ್ಯೂ೫ ಎಂದೂ ಕರೆಯುತ್ತಾರೆ. ಮಾದರಿಯ ಹೆಸರು ಎಲ್ಲ ಕಾರಖಾನೆಗಳಿಗೂ ಸಮಾನ. ಅಕ್ಕಿಯ ಚೀಲದ ಮೇಲೆ ‘ಸಣ್ಣಕ್ಕಿ’ ಎಂದು ಬರೆದಂತೆ. ಯಾರ ಗದ್ದೆಯದೆಂಬುದನ್ನು ಅದು ಹೇಳುವುದಿಲ್ಲ.

ಮಾರುವವನ ಹೆಸರೇ ನಮ್ಮ ಕಣ್ಣನ್ನು ಮೊದಲು ಸೆಳೆಯುವಂತಹುದು. ಅದನ್ನೇ ಮಾಡಿದವನ ಹೆಸರೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ನಾವು ಮಾಡಿದುದೂ ಅದನ್ನೇ. ಮಲ್ಲಾರ್ಡ್ ಎಂಬ ಹೆಸರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಟ್ಯಾನ್ಲಿ ಮಲ್ಲಾರ್ಡ್ ಎಂಬವರು ೧೯೨೦ರಲ್ಲಿ ಇಂಗ್ಲೆಂಡಿನಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ೧೯೨೭ರ ಹೊತ್ತಿಗೆ ಅದು ಪೂರ್ತಿಯಾಗಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಸೊತ್ತಾಯಿತು. ೧೯೩೮ರಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಊರಿನಲ್ಲಿ ಅದರ ದೊಡ್ಡ ಕಾರಖಾನೆ ಆರಂಭವಾಯಿತು. ಹಾಲೆಂಡಿನ ಫಿಲಿಪ್ಸ್, ಜರ್ಮನಿಯ ವಾಲ್ವೊ, ಅಮೇರಿಕದ ಆಂಪರೆಕ್ಸ್ ಇವುಗಳೂ ಅದೇ ಮನೆತನದ ಹೆಸರುಗಳು. ಈ ಬಂಧುಗಳು ಒಬ್ಬರ ಕಾರಖಾನೆಯ ವಾಲ್ವಿಗೆ ಇನ್ನೊಬ್ಬರ ಹೆಸರನ್ನು ಅಚ್ಚೊತ್ತಿ ಮಾರುತ್ತಿದ್ದರು. ಆದುದರಿಂದ ಆಂಪರೆಕ್ಸ್ ಎಂಬ ಅಮೇರಿಕದ ಹೆಸರಿನ ವಾಲ್ವು ಹಾಲೆಂಡಿನ ಹೇರ್ಲೆನ್ ಊರಿನಲ್ಲಿ ಹುಟ್ಟಿರಬಹುದು. ಇದರಲ್ಲಿ ಮೋಸವೇನೂ ಇರಲಿಲ್ಲ. ಕೊಳ್ಳುವವನು ಬರಿಯ ಹೆಸರನ್ನು ನಂಬಿದರೆ ತಪ್ಪುವನು, ಅಷ್ಟೇ.

ಇಂದಿನ ಸ್ಥಿತಿಯು ಇನ್ನೂ ವಿಚಿತ್ರವಾದುದು. ಬ್ಲ್ಯಾಕ್‌ಬರ್ನಿನಲ್ಲಿ ಈಗ ವಾಲ್ವುಗಳು ತಯಾರಾಗುವುದಿಲ್ಲ. ಆದರೂ ಪೇಟೆಯಲ್ಲಿ ಮಲ್ಲಾರ್ಡ್ ಹೆಸರಿನ ಹೊಚ್ಚಹೊಸ ವಾಲ್ವುಗಳು ದೊರೆಯುತ್ತವೆ. ಅವು ಹುಟ್ಟುವುದು ರಶಿಯದ ವೋಲ್ಗಾ ನದಿಯ ದಂಡೆಯ ಸರಾತೋವ್ ನಗರದಲ್ಲಿ. ನ್ಯೂಯಾರ್ಕಿನ ನ್ಯೂ ಸೆನ್ಸರ್ ಎಂಬ ಸಂಸ್ಥೆಯು ಅಲ್ಲಿಯ ಕಾರಖಾನೆಯನ್ನು ಕೊಂಡು, ಹಳೆಯ ಹೆಸರುಗಳ ಹಕ್ಕನ್ನೂ ಕೊಂಡಿತು. ಇಂಗ್ಲೆಂಡಿನ ಮಲ್ಲಾರ್ಡ್, ಅಮೇರಿಕದ ಟಂಗ್‌ಸೋಲ್, ಲಂಡನ್ನಿನ ಎಂ.ಓ. ವಾಲ್ವ್ ಕಂಪನಿಯು ಹಿಂದೆ ಮಾರುತ್ತಿದ್ದ ಜೆನಲೆಕ್ಸ್ ಗೋಲ್ಡ್ ಲಯನ್ — ಈ ಮೂರು ಹೆಸರುಗಳ ಈಗಿನ ವಾಲ್ವುಗಳೂ ಒಂದೇ ಸೂರಿನ ಕೆಳಗಿನ ಮಕ್ಕಳು. ೨೦೨೨ರ ಮಾರ್ಚಿನಲ್ಲಿ ರಶಿಯದಿಂದ ರಫ್ತು ನಿಲ್ಲುವುದೆಂಬ ಸುದ್ದಿ ಹಬ್ಬಿದಾಗ, ಬೇರೆಬೇರೆ ದೇಶಗಳ ಕಂಪನಿಗಳೆಂದು ಜನರು ತಿಳಿದಿದ್ದ ಈ ಹೆಸರುಗಳೆಲ್ಲವೂ ಒಮ್ಮೆಗೇ ಆತಂಕಕ್ಕೆ ಸಿಕ್ಕಿದವು. ಬೇರೊಂದೂ ಯಾವ ರೀತಿಯಲ್ಲಿಯೂ ಅವುಗಳ ನಂಟನ್ನು ಅಷ್ಟು ಚೆನ್ನಾಗಿ ತೋರಿಸಲಾರದು.

ಸ್ವೆತ್ಲಾನಾ ಎಂಬ ಹೆಸರಿನ ಕಥೆಯು ಇದಕ್ಕಿಂತ ಸ್ವಾರಸ್ಯವಾದುದು. ಅದು ಸೇಂಟ್ ಪೀಟರ್ಸ್‌ಬರ್ಗಿನ ಪ್ರಸಿದ್ಧ ಕಾರಖಾನೆಯ ಹೆಸರು. ಹೆಸರಿನ ಹಕ್ಕು ಅಮೇರಿಕದಲ್ಲಿ ಬೇರೆಯವರ ಕೈಸೇರಿತು. ಆಗ ಅದೇ ಹಳೆಯ ಕಾರಖಾನೆಯ ವಾಲ್ವುಗಳು ತಮ್ಮ ಹೆಸರನ್ನೇ ಬಿಟ್ಟು, ರೆಕ್ಕೆಗಳುಳ್ಳ ‘ಸಿ’ ಅಕ್ಷರದ ಗುರುತಿನಿಂದ ಮಾರಾಟವಾದವು. ರಶಿಯದ ಲಿಪಿಯಲ್ಲಿ ಆ ಅಕ್ಷರವೇ ‘ಸ್’. ಹೆಸರುಳ್ಳ ವಾಲ್ವು ಸರಾತೋವಿನದು. ಹೆಸರಿಲ್ಲದ ವಾಲ್ವು ಸ್ವೆತ್ಲಾನಾ ಮನೆಯದು! ಇನ್ನು ಹಿಂದಿನ ಚೆಕೊಸ್ಲೊವಾಕಿಯದ ಟೆಸ್ಲಾ ವಾಲ್ವುಗಳಿವೆ. ಇಂದಿನ ಮೋಟಾರುಗಾಡಿಗಳ ಟೆಸ್ಲಾ ಕಂಪನಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಆ ವಿದ್ಯೆಯ ಉತ್ತರಾಧಿಕಾರಿಯು ಸ್ಲೊವಾಕಿಯದ ಜೆ.ಜೆ. ಎಂಬ ಸಂಸ್ಥೆ, ಹಳೆಯ ಹೆಸರನ್ನು ಎರವಲು ತರದೆ ತನ್ನ ಹೆಸರಿನಿಂದಲೇ ಅದು ವಾಲ್ವುಗಳನ್ನು ಮಾಡಿ ಮಾರುತ್ತಿದೆ.

ಮಾಡಿದವನ ಹೆಸರನ್ನು ಕಂಡುಹಿಡಿಯುವುದು ಹೇಗೆ? ಅಳಿಸಲು ಬರುವುದನ್ನು ಬಿಟ್ಟು, ಅಳಿಸಲು ಬಾರದುದನ್ನು ನೋಡಬೇಕು. ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮ ಹುಡುಗನ ಬೆರಳಿಗೆ ಬಣ್ಣ ಹತ್ತಿದ ಮಾತ್ರಕ್ಕೆ ವಾಲ್ವು ನಕಲಿಯೆಂದು ಸಿದ್ಧವಾಗಲಿಲ್ಲ. ನಿಜವಾದ ಹಳೆಯ ವಾಲ್ವುಗಳ ಅಚ್ಚೂ ಒದ್ದೆಯ ಬೆರಳಿಗೆ ಅಳಿಸಿಹೋಗುವುದುಂಟು. ಅಚ್ಚು ಸಾಕ್ಷಿಯೇ ಅಲ್ಲವೆಂಬುದಷ್ಟೇ ಅದರಿಂದ ತಿಳಿಯುವ ಪಾಠ.

ಫಿಲಿಪ್ಸ್ ಮನೆತನದ ವಾಲ್ವುಗಳ ಗಾಜಿನ ಬುಡದ ಹತ್ತಿರ, ಮಸುಕಾದ ಬೂದುಬಣ್ಣದಲ್ಲಿ ಎರಡು ಸಾಲುಗಳ ಸಣ್ಣ ಸಂಕೇತವಿರುತ್ತದೆ. ಮೇಲಿನ ಸಾಲು ಮಾದರಿಯನ್ನೂ ಅದರ ಪರಿಷ್ಕರಣವನ್ನೂ ಹೇಳುತ್ತದೆ. ಕೆಳಗಿನ ಸಾಲಿನ ಮೊದಲ ಗುರುತು ಕಾರಖಾನೆಯದು: ‘ಬಿ’ ಎಂದರೆ ಬ್ಲ್ಯಾಕ್‌ಬರ್ನ್, ‘ಆರ್’ ಎಂದರೆ ಮಿಚಮ್, ‘ಡಿ’ ಎಂದರೆ ಹ್ಯಾಂಬುರ್ಗ್, ತ್ರಿಕೋನವೆಂದರೆ ಹೇರ್ಲೆನ್. ಅನಂತರ ವರ್ಷದ ಕೊನೆಯ ಅಂಕೆ, ತಿಂಗಳಿಗೆ ಒಂದು ಅಕ್ಷರ, ವಾರಕ್ಕೆ ಒಂದು ಅಂಕೆ. ‘ಬಿ ೨ ಎಫ್ ೩’ ಎಂದಿದ್ದರೆ, ಬ್ಲ್ಯಾಕ್‌ಬರ್ನಿನಲ್ಲಿ, ಎರಡರಿಂದ ಕೊನೆಗೊಳ್ಳುವ ವರ್ಷದ ಆರನೆಯ ತಿಂಗಳಾದ ಜೂನಿನ ಮೂರನೆಯ ವಾರದಲ್ಲಿ ಹುಟ್ಟಿದುದೆಂದು ತಿಳಿಯಬೇಕು. ೧೯೬೨ನೆಯದೋ ೧೯೭೨ನೆಯದೋ ಎಂಬುದನ್ನು ಒಳಗಿನ ರಚನೆಯಿಂದ ಊಹಿಸಬೇಕಾಗುತ್ತದೆ. ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯು ೧೯೦೩ರಲ್ಲಿ ಸ್ಥಾಪಿತವಾದುದು. ಅದು ತನ್ನ ಸ್ವಂತ ಕಾರಖಾನೆಯ ಸಣ್ಣ ವಾಲ್ವುಗಳ ತಳದಲ್ಲಿ, ಕಡ್ಡಿಗಳ ನಡುವೆ, ವಜ್ರಾಕೃತಿಯ ಗುರುತನ್ನು ಗಾಜು ಮೆತ್ತಗಿದ್ದಾಗಲೇ ಒತ್ತುತ್ತಿತ್ತು. ಬೇರೆಯವರಿಂದ ಮಾಡಿಸಿ ತನ್ನ ಹೆಸರಿನಲ್ಲಿ ಮಾರಿದ ವಾಲ್ವುಗಳಿಗೆ ಆ ಗುರುತಿಲ್ಲ. ಬಣ್ಣವು ಅಳಿದೀತು, ಗಾಜಿನ ಅಚ್ಚು ಅಳಿಯದು.

ಅದಕ್ಕೂ ಮಿಗಿಲಾದ ಸಾಕ್ಷಿಯು ಒಳಗಿರುವ ರಚನೆ. ತಗಡಿನ ಬಣ್ಣವೇನು, ಅದರ ಮೇಲಿನ ಏಣುಗಳೆಷ್ಟು, ತುದಿಯಲ್ಲಿರುವ ಸಣ್ಣ ಬಳೆಯು ದುಂಡಗಿದೆಯೋ ಚೌಕವಾಗಿದೆಯೋ, ಅಭ್ರಕದ ಬಿಲ್ಲೆಯ ಆಕಾರ ಯಾವುದು ಎಂಬುದನ್ನು ನಿಜವಾದ ವಾಲ್ವಿನ ಸಂಗಡ ಇಟ್ಟು ಹೋಲಿಸಬೇಕು. ಪ್ರತಿಯೊಂದು ಕಾರಖಾನೆಗೂ ತನ್ನದೇ ಆದ ಅಚ್ಚುಗಳಿದ್ದವು. ಅಕ್ಷರ ಅಳಿಸಿದ ಬಿಂದಿಗೆಯನ್ನು ನೋಡಿ ಇದು ಯಾವ ಕಂಚುಗಾರನ ಕೈಯದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಹೀಗೆಯೇ.

ಇಷ್ಟಾದರೂ ನಮಗೆ ತಿಳಿದುದು ಹುಟ್ಟೂರು ಮಾತ್ರ. ಹುಟ್ಟೂರು ತಿಳಿದರೆ ಯೋಗ್ಯತೆ ತಿಳಿದಂತಾಗಲಿಲ್ಲ. ಬ್ಲ್ಯಾಕ್‌ಬರ್ನಿನ ಅಸಲು ವಾಲ್ವಾದರೂ ಸಾವಿರಾರು ತಾಸು ದುಡಿದು ಬಂದುದಾದರೆ ಅದರ ಕ್ಯಾಥೋಡ್ ಬಳಲಿರುತ್ತದೆ. ಸರಾತೋವಿನ ಹೊಸ ವಾಲ್ವು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಬಹುದು. ಆದುದರಿಂದ ಯೋಗ್ಯತೆಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಮೊದಲನೆಯ ಪರೀಕ್ಷೆಗೆ ಕಣ್ಣು ಸಾಕು. ವಾಲ್ವಿನ ತುದಿಯ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಬಣ್ಣದ ಲೇಪವಿರುತ್ತದೆ. ಅದು ಬೇರಿಯಂ ಲೋಹ; ಒಳಗೆ ಉಳಿದ ಗಾಳಿಯ ಕಣಗಳನ್ನು ಹೀರಿಕೊಳ್ಳುವುದು ಅದರ ಕೆಲಸ. ಗಾಜು ಬಿರುಕು ಬಿಟ್ಟು ಗಾಳಿ ಒಳಹೊಕ್ಕರೆ ಆ ಕನ್ನಡಿಯು ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದ ವಾಲ್ವು ಸತ್ತ ವಾಲ್ವು. ಯಾರ ಹೆಸರಿದ್ದರೂ ಪ್ರಯೋಜನವಿಲ್ಲ. ಎರಡನೆಯದು ಮಾಪಕದ ಪರೀಕ್ಷೆ. ಇಂಗ್ಲೆಂಡಿನ ಏವೋ, ಅಮೇರಿಕದ ಹಿಕಾಕ್ ಮೊದಲಾದ ಸಂಸ್ಥೆಗಳು ವಾಲ್ವನ್ನು ಅಳೆಯುವ ಯಂತ್ರಗಳನ್ನೇ ಮಾಡಿದ್ದವು. ಜಾಲರಿಯ ಮೇಲಿನ ವೋಲ್ಟು ಒಂದಿಷ್ಟು ಬದಲಾದರೆ ತಗಡಿನ ಪ್ರವಾಹ ಎಷ್ಟು ಬದಲಾಗುತ್ತದೆಂಬುದನ್ನು ಅಳೆದು, ಮಾದರಿಯ ಪಟ್ಟಿಯಲ್ಲಿರುವ ಅಂಕೆಯೊಡನೆ ಹೋಲಿಸುವುದು ಅವುಗಳ ಕ್ರಮ. ಜೋಡಿಯಾಗಿ ದುಡಿಯುವ ವಾಲ್ವುಗಳಾದರೆ ಎರಡರ ಪ್ರವಾಹವೂ ಹತ್ತಿರ ಹತ್ತಿರವಿರಬೇಕು. ಜೋಡೆತ್ತುಗಳಲ್ಲಿ ಒಂದು ಮುಂದೆ, ಒಂದು ಹಿಂದೆ ಎಳೆದರೆ ಉಳುಮೆ ಹೇಗಾದೀತು? ಮೂರನೆಯದು ಮಾಡಿದವನು ಕೊಟ್ಟ ಮಾತು. ಹಳೆಯ ಪಟ್ಟಿಗಳಲ್ಲಿ ಇ.ಸಿ.ಸಿ. ೮೮ ಎಂಬ ವಾಲ್ವಿದೆ. ಅದರ ಅಂಕೆಗಳನ್ನು ಅಕ್ಷರಗಳ ನಡುವೆ ತಂದು ಇ ೮೮ ಸಿ.ಸಿ. ಎಂದು ಬರೆದರೆ ಅದೇ ವಾಲ್ವಿನ ವಿಶೇಷ ದರ್ಜೆ. ಅದಕ್ಕೆ ಹತ್ತು ಸಾವಿರ ತಾಸುಗಳ ಬಾಳಿಕೆಯನ್ನು ತಯಾರಕರು ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದರು. ಅಂದವಾದ ಪೆಟ್ಟಿಗೆಗಿಂತ ಇಂತಹ ಒಂದು ಸಾಲಿನ ಮಾತು ಹೆಚ್ಚು ತೂಕದ್ದು.

ವಾಲ್ವಿಗೆ ಹೇಳಿದ ಮಾತು ಇಡಿಯ ಯಂತ್ರಕ್ಕೂ ಸಲ್ಲುತ್ತದೆ. ಹೆರಾಲ್ಡ್ ಲೀಕ್ ೧೯೩೪ರಲ್ಲಿ ಸ್ಥಾಪಿಸಿದ ಲೀಕ್ ಸಂಸ್ಥೆಯು ೧೯೪೫ರಲ್ಲಿ ‘ಪಾಯಿಂಟ್ ಒನ್’ ಎಂಬ ಧ್ವನಿವರ್ಧಕವನ್ನು ಹೊರತಂದಿತು. ಅದರಲ್ಲಿ ಧ್ವನಿಯ ವಿಕಾರವು ಶೇಕಡಾ ೦.೧ರಷ್ಟು ಮಾತ್ರವೆಂಬುದೇ ಆ ಹೆಸರಿನ ಅರ್ಥ. ಪೀಟರ್ ವಾಕರ್ ೧೯೩೬ರಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ೧೯೫೩ರಲ್ಲಿ ‘ಕ್ವಾಡ್ ಎರಡು’ ಎಂಬ ಯಂತ್ರ ಬಂದಿತು. ಇವು ಇಂಗ್ಲೆಂಡಿನ ಕೀರ್ತಿಯ ಹೆಸರುಗಳು. ಇಂದು ಎರಡೂ ಹೆಸರುಗಳು ಐ.ಎ.ಜಿ. ಎಂಬ ಒಂದೇ ಸಂಸ್ಥೆಯ ಕೈಯಲ್ಲಿವೆ. ಅದರ ಕಾರಖಾನೆಗಳಿರುವುದು ಚೀನದಲ್ಲಿ. ಹಾಗೆಂದು ಅವುಗಳನ್ನು ಹಳಿಯುವುದು ನ್ಯಾಯವಲ್ಲ. ಚೀನದ ಕೈಗಳೂ ಕೈಗಳೇ. ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳು ಬೇರೆ. ಯಂತ್ರದ ನಕ್ಷೆ ದೊರೆಯುವುದೇ? ಬಿಡಿಭಾಗಗಳು ಪೇಟೆಯಲ್ಲಿ ಸಿಗುವುವೇ? ಟ್ರಾನ್ಸ್‌ಫಾರ್ಮರಿಗೆ ತಕ್ಕಷ್ಟು ತೂಕವಿದೆಯೇ? ಹಿಂಬದಿಯ ಫಲಕದಲ್ಲಿ ಎಷ್ಟು ವೋಲ್ಟು ಎಂದಿದೆ? ಈ ಕೊನೆಯ ಪ್ರಶ್ನೆಯಲ್ಲಿ ಮಾತ್ರ ಹುಟ್ಟೂರು ಬಹಳ ಮುಖ್ಯ. ಅಮೇರಿಕದ ಮನೆಗಳಲ್ಲಿ ೧೨೦ ವೋಲ್ಟು, ನಮ್ಮಲ್ಲಿ ೨೩೦. ಅಲ್ಲಿಯ ಯಂತ್ರವನ್ನು ತಂದು ಹಾಗೆಯೇ ನಮ್ಮ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಹೊಗೆಯೇ ಅದರ ಮೊದಲ ಸಂಗೀತ.

ಇಲ್ಲಿ ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ನಾವು ಕರ್ತವ್ಯಭ್ರಷ್ಟರಾಗುವೆವು. ವಾಲ್ವು ಯಂತ್ರದೊಳಗೆ ೩೦೦ ವೋಲ್ಟಿನಷ್ಟು ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ತಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳು ಪ್ರಾಣಾಪಾಯವಾಗುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲುವು. ಬಲ್ಲವರು ಹತ್ತಿರವಿಲ್ಲದೆ ಯಾವ ವಿದ್ಯಾರ್ಥಿಯೂ ಅದರ ಮುಚ್ಚಳವನ್ನು ತೆರೆಯಬಾರದು.

ಈಗ ನಮ್ಮ ಕಥೆಗೆ ಮರಳೋಣ. ಸುಟ್ಟ ವಾಲ್ವನ್ನು ತೆಗೆದುಕೊಂಡು ನಾವು ತಲೆತಗ್ಗಿಸಿ ಗ್ರಾಂಟ್ ರೋಡಿನ ವೃದ್ಧರ ಬಳಿಗೆ ಹೋದೆವು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬುಡದಲ್ಲಿ ಇರಬೇಕಾದ ಸಂಕೇತ ಇಲ್ಲದಿರುವುದನ್ನು ತೋರಿಸಿದರು. ನಾವು ಒರೆಸಿದ ಹೆಸರಿನ ಕೆಳಗೆ ಬೇರೊಂದು ಮುದ್ರೆಯನ್ನು ಹಿಂದೆಯೇ ಒರೆಸಿದ್ದ ನೆರಳು ಉಳಿದಿತ್ತು. ಎಲ್ಲಿಯೋ ದುಡಿದು ದಣಿದ ವಾಲ್ವಿಗೆ ಯಾರೋ ಹೊಸ ಅಂಗಿಯನ್ನು ತೊಡಿಸಿದ್ದರು. ಅವರು ಬೈಯಲಿಲ್ಲ, ನಗಲೂ ಇಲ್ಲ. ಅದೇ ಬಿಸ್ಕೀಟಿನ ಡಬ್ಬಿಯನ್ನು ತೆರೆದು ಜಾಲಹಳ್ಳಿಯ ವಾಲ್ವನ್ನು ತೆಗೆದರು. ಉಳಿದಿದ್ದ ನಮ್ಮ ಹಳೆಯ ವಾಲ್ವನ್ನೂ ಅದನ್ನೂ ಒಂದಾದ ಮೇಲೊಂದು ಮಾಪಕಕ್ಕೆ ಸಿಕ್ಕಿಸಿದರು. ಒಂದು ೩೬ ಮಿಲಿಆಂಪಿಯರ್ ತೋರಿಸಿತು, ಇನ್ನೊಂದು ೩೭. “ಮುನ್ನೂರೇ ಕೊಡಿ ಮಾಸ್ತರ್” ಎಂದರು.

ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೫೪ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾಯಿತು. ಫಿಲಿಪ್ಸ್ ಸಂಸ್ಥೆಯ ಸಹಕಾರದಿಂದ ೧೯೬೧ರಲ್ಲಿ ಅಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾಯಿತು. ಬ್ಲ್ಯಾಕ್‌ಬರ್ನ್ ಮತ್ತು ಹೇರ್ಲೆನ್ನಿನ ವಾಲ್ವುಗಳು ಯಾವ ವಂಶದವೋ, ಜಾಲಹಳ್ಳಿಯದೂ ಅದೇ ವಂಶದ ವಿದ್ಯೆ. ಕನ್ನಡ ನಾಡಿನ ಕೈಗಳು ಕೂಡಿಸಿದ ಆ ವಾಲ್ವನ್ನು, ಕನ್ನಡದ ಶಿಕ್ಷಕರಾದ ನಾವು, ಕನ್ನಡ ಶಾಲೆಯ ಯಂತ್ರಕ್ಕಾಗಿ, ಅಳೆದು ನೋಡದೆಯೇ ನಿರಾಕರಿಸಿದ್ದೆವು. ಅಂಗಡಿಯವನು ನಮಗೆ ಮೋಸಮಾಡಿದುದು ನಿಜ. ಅದಕ್ಕಿಂತ ಮೊದಲೇ ನಾವು ನಮಗೆ ಮೋಸಮಾಡಿಕೊಂಡಿದ್ದೆವು. ಮಕ್ಕಳ ಹಣವನ್ನು ನಾವು ನಮ್ಮ ಕೈಯಿಂದ ತುಂಬಿದೆವು. ಅದೀಗ ಶಾಲೆಯ ವಾಚನಾಲಯದ ನಿಧಿಯಲ್ಲಿದೆ. ಆದರೆ ಮುಗುಳ್ನಕ್ಕು ವಾಲ್ವನ್ನು ಹಿಂದಿರುಗಿಸಿದ ಆ ಗಳಿಗೆಯನ್ನು ಯಾವ ನಿಧಿಗೆ ತುಂಬುವುದು?

ಸ್ವದೇಶದ್ದೆಲ್ಲ ಒಳ್ಳೆಯದು, ಪರದೇಶದ್ದೆಲ್ಲ ಮೋಸ ಎಂದು ನಾವು ಹೇಳುತ್ತಿಲ್ಲ. ಆ ವಾಲ್ವು ಮಾಪಕದಲ್ಲಿ ಸೋತಿದ್ದರೆ ಅದೂ ಕಸದ ಬುಟ್ಟಿಗೇ ಸೇರಬೇಕಾಗಿತ್ತು. ಅಭಿಮಾನದಿಂದ ಒಪ್ಪುವುದೂ ತಾತ್ಸಾರದಿಂದ ತಳ್ಳುವುದೂ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲಿಯೂ ಅಳೆಯುವ ಕೆಲಸ ನಡೆದಿಲ್ಲ.

ವಿದ್ಯಾರ್ಥಿಗಳೇ, ಈ ಮಹಾನಗರದಲ್ಲಿ ನಿಮ್ಮನ್ನೂ ಯಾರಾದರೂ ಒಂದು ದಿನ ಬೆರಳುಗಳ ನಡುವೆ ತಿರುಗಿಸಿ ನೋಡುವರು. ‘ಯಾವ ಮಾಧ್ಯಮದ ಶಾಲೆ?’ ಎಂದು ಕೇಳಿ ಮುಗುಳ್ನಗುವರು. ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ ಊರಿನಿಂದ ಇಲ್ಲಿಗೆ ಬಂದ ನಾವು ಆ ನಗೆಯನ್ನು ಬಲ್ಲೆವು. ಬಲ್ಲವರಾಗಿಯೂ ಅದೇ ನಗೆಯನ್ನು ಒಂದು ವಾಲ್ವಿನ ಮೇಲೆ ನಕ್ಕೆವೆಂಬುದೇ ನಮಗೆ ನಾಚಿಕೆ. ನಿಮ್ಮನ್ನು ಅಳೆಯದೆ ಬದಿಗಿಡುವವರು ಸಿಕ್ಕಿದಾಗ ಎದೆಗುಂದಬೇಡಿರಿ. ಮಾಪಕಕ್ಕೆ ಹಾಕಿ ನೋಡಿರೆಂದು ವಿನಯದಿಂದಲೂ ಧೈರ್ಯದಿಂದಲೂ ಕೇಳಿರಿ. ನೀವು ಇನ್ನೊಬ್ಬರನ್ನೋ ಇನ್ನೊಂದನ್ನೋ ಆರಿಸುವ ದಿನ ಬಂದಾಗ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತನ್ನು ನೆನೆಯಿರಿ.

ಈ ವರ್ಷದ ವಾರ್ಷಿಕೋತ್ಸವದಲ್ಲಿ ರಂಗಮಂಚದ ಎಡಬದಿಯ ಪರದೆಯ ಹಿಂದೆ ಬಂದು ನಿಲ್ಲಿರಿ. ಬೂದುಬಣ್ಣದ ಪೆಟ್ಟಿಗೆಯ ಜಾಲಂಧ್ರದೊಳಗೆ ಎರಡು ಸಣ್ಣ ಕಿತ್ತಳೆಬಣ್ಣದ ಬೆಳಕುಗಳು ಅಕ್ಕಪಕ್ಕದಲ್ಲಿ ಉರಿಯುತ್ತಿರುವುದು ಕಾಣುವುದು. ಅವುಗಳಲ್ಲಿ ಜಾಲಹಳ್ಳಿಯದು ಯಾವುದೆಂದು ಬೆಳಕನ್ನು ನೋಡಿ ಹೇಳಲು ನಮಗೂ ಬಾರದು. ನಾಡಗೀತೆಯು ಮಾತ್ರ ಕೊನೆಯ ಸಾಲಿನವರೆಗೂ ಕೇಳಿಸುವುದು.